ಶಿಂಷೆ ಹೊಲಿದ ಸೀಮೆ

ದೇವರಾಯನದುರ್ಗದ ನೆತ್ತಿಯ ಮೇಲೆ ಒಂದು ಜಡಿಮಳೆ ಬಿತ್ತು ಅಂದುಕೊಳ್ಳಿ. ಬೆಟ್ಟದ ಒಂದು ಮಗ್ಗುಲಿಗೆ ಇಳಿದ ನೀರು ಜಯಮಂಗಲಿಯಾಗಿ ಬಡಗಣಕ್ಕೆ ಹೊರಡುತ್ತದೆ. ಕೊರಟಗೆರೆ, ಮಧುಗಿರಿ ಸೀಮೆ ದಾಟಿ, ಉತ್ತರ ಪಿನಾಕಿನಿಯನ್ನು ಕೂಡಿಕೊಂಡು, ಆಂಧ್ರದ ನೆಲ್ಲೂರಿನ ಹತ್ತಿರ ಸಮುದ್ರ ಕಾಣುತ್ತದೆ. ಅದೇ ಮೋಡದ, ಅದೇ ಮಳೆಯ ನೀರು ಇನ್ನೊಂದು ಮಗ್ಗುಲಿಗೆ ಇಳಿದರೆ ಅದು ಶಿಂಷೆ! ಗುಬ್ಬಿ ಸೀಮೆ ಹೊಕ್ಕು, ತೆಂಕಣಕ್ಕೆ ತಿರುಗಿ, ಕುಣಿಗಲ್ ತಾಲ್ಲೂಕು ಹಾದು, ಮದ್ದೂರು ದಾಟಿ ಕಾವೇರಿಯ ಪಾಲಾಗುತ್ತದೆ. ಕೊನೆಗೆ ತಮಿಳುನಾಡಿನ ಪೂಂಪುಹಾರ್‌ನಲ್ಲಿ ಕಡಲು ಸೇರುತ್ತದೆ. ಒಂದೇ ಬೆಟ್ಟದ ನೆತ್ತಿಯಲ್ಲಿ ಒಂದು ಮಾರು ಆಚೀಚೆ ಬಿದ್ದ ಎರಡು ಹನಿಗಳು ಕಡಲಿಗೆ ಹೋಗಿ ಮುಟ್ಟುವ ಹೊತ್ತಿಗೆ ಅವುಗಳ ನಡುವೆ ನೂರಾರು ಕಿಲೋಮೀಟರ್ ಅಂತರ.

ತುಮಕೂರು, ಗುಬ್ಬಿ, ಕುಣಿಗಲ್ ಮೂರನ್ನೂ ನಾವು ಬೇರೆ ಬೇರೆ ಕಾರಣಕ್ಕೆ ಬಲ್ಲೆವು. ತುಮಕೂರು ಅಂದರೆ ಸಿದ್ಧಗಂಗೆ, ಗುಬ್ಬಿ ಅಂದರೆ ನಾಟಕ ಕಂಪನಿ, ಕುಣಿಗಲ್ ಅಂದರೆ ಕೆರೆಯ ಹಾಡು, ಜೊತೆಗೆ ಟಿಪ್ಪುವಿನ ಕಾಲದಿಂದ ಬಂದ ಕುದುರೆ ಫಾರಂ. ಆದರೆ ಜಿಲ್ಲೆಯ ನಕಾಶೆ ಹರಡಿಕೊಂಡು ರಸ್ತೆ ಬಿಟ್ಟು ನೀರಿನ ಗೆರೆ ಹಿಡಿದು ಹೋಗಿ ನೋಡಿ! ಮೂರೂ ಊರು ಒಂದೇ ಕಣಿವೆಯ ಮಕ್ಕಳಾಗಿ ಎದ್ದು ನಿಲ್ಲುತ್ತವೆ. ಶಿಂಷೆಯ ಹಾದಿಯುದ್ದಕ್ಕೂ, ಅದಕ್ಕೆ ಬಂದು ಕೂಡುವ ಹಳ್ಳಗಳ ಉದ್ದಕ್ಕೂ ನೀಲಿ ಚುಕ್ಕೆಗಳು, ಒಂದರ ಕೆಳಗೊಂದು. ಎಲ್ಲವೂ ಕೆರೆ. ಬಹುಪಾಲು ಮನುಷ್ಯರು ಕಟ್ಟಿದ್ದು. ದೇವಸ್ಥಾನ, ಶಾಸನ, ಕಾವ್ಯ, ಜಾತ್ರೆ, ಮಣ್ಣಿನ ದೇವರು, ಹೆಂಗಸರ ಹಾಡು, ಈ ಸೀಮೆಯ ಯಾವುದನ್ನು ಹಿಡಿದೆಳೆದರೂ ಅದರ ಇನ್ನೊಂದು ತುದಿ ಯಾವುದೋ ಕೆರೆಯ ಏರಿಗೆ ಕಟ್ಟಿಕೊಂಡಿದೆ. ನನಗಂತೂ ಇದು ತಲೆ ತಿರುಗಿಸಿದ ಸಂಗತಿ.

ಬೆಟ್ಟದ ಬುಡದಲ್ಲೇ ಶುರುವಾಗುತ್ತದೆ ನೋಡಿ. ನಾಮದ ಚಿಲುಮೆಯಲ್ಲಿ ಬಂಡೆಯ ಒಡಲಿನಿಂದ ತಣ್ಣಗೆ ಒಸರುವ ನೀರು. ವನವಾಸದ ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟ, ಕಲ್ಲು ಬಿರಿದು ನೀರು ಬಂತು ಎಂದು ಕತೆ. ಅತ್ತ ಸಿದ್ಧಗಂಗೆಯ ಬೆಟ್ಟದಲ್ಲೂ ಬಂಡೆಯಿಂದ ಬಂದ ಗಂಗೆಯ ಕತೆಯೇ. ಬಯಲುಸೀಮೆಯ ಜನ ಪವಾಡ ಅಂದಾಗಲೆಲ್ಲ ಕೈ ತೋರಿಸುವುದು ನೀರಿನ ಕಡೆಗೇ.

ಇನ್ನು ಕೆರೆಗಳ ವಿಷಯ. ಈ ನೆಲದಲ್ಲಿ ಕೆರೆ ಒಂಟಿಯಾಗಿ ಬಾಳುವುದಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುತ್ತಾ ಬಂದ ಹಾಗೆ, ಮೊದಲ ಎಲೆಗೆ ಬೀಳದೆ ಎರಡನೆಯ ಎಲೆಗೆ ಬೀಳುವುದಿಲ್ಲ. ಮೊದಲ ಎಲೆಯವನೇ ಎಲ್ಲ ಬಳಿದುಕೊಳ್ಳುವ ಹಾಗೂ ಇಲ್ಲ, ಯಾಕೆಂದರೆ ಕೋಡಿಯ ಎತ್ತರ ಅವನ ಪಾಲನ್ನು ಕಲ್ಲಿನಲ್ಲಿ ಗೊತ್ತುಮಾಡಿದೆ. ಮೈಸೂರು ಸೀಮೆಯ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲಿ ಈ ನಾಡಿನ ಕೆರೆಗಳನ್ನು ಕಂಡು ಬೆರಗಾದರು. ನೀರು ಹಿಡಿಯುವ ಕೆಲಸವನ್ನು ಇಲ್ಲಿಯ ಜನ ಎಷ್ಟು ಪೂರ್ತಿಯಾಗಿ ಮಾಡಿ ಮುಗಿಸಿದ್ದಾರೆಂದರೆ ಹೊಸದೊಂದು ಕೆರೆಗೆ ಜಾಗ ಹುಡುಕಲು ಭಾರಿ ಬುದ್ಧಿ ಖರ್ಚು ಮಾಡಬೇಕಾದೀತು ಎಂಬ ಅರ್ಥದಲ್ಲಿ ಬರೆದಿಟ್ಟರು. ಹೊಸದಾಗಿ ಕಟ್ಟಿಸುವುದೇ ಕೆಲಸವಾಗಿದ್ದ ಎಂಜಿನಿಯರ್ ಒಬ್ಬ ಬರೆದ ಮಾತು ಇದು!

ಯಾವುದಾದರೂ ಹಳೆಯ ಕೆರೆಯ ಏರಿಯ ಮೇಲೆ ನಡೆದು ತೂಬಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ನೀರಿನೊಳಗಿಂದ ಎದ್ದ ಎರಡು ಕಲ್ಲುಗಂಬ, ಅವುಗಳ ನಡುವೆ ಒಂದರ ಮೇಲೊಂದು ಅಡ್ಡ ಚಪ್ಪಡಿ. ಪ್ರತಿ ಚಪ್ಪಡಿಗೂ ನಡುವೆ ಕಂಡಿ. ಆ ಕಂಡಿಗಳ ಮೂಲಕ ಒಂದು ಗಳು ಕೆಳಗಿಳಿದಿರುತ್ತದೆ. ಗಳುವಿನ ತುದಿಯಲ್ಲಿ ಬಿರಡೆ. ಅದು ತಳದ ಕಲ್ಲಿನ ಬಾಯಿಗೆ ಕೂತರೆ ನೀರು ಬಂದ್, ಗೇಣೆತ್ತರ ಎತ್ತಿದರೆ ಏರಿಯ ಹೊಟ್ಟೆಯೊಳಗಿನ ಕಲ್ಲಿನ ದೋಣಿಯಲ್ಲಿ ಹರಿದು ಅಚ್ಚುಕಟ್ಟಿಗೆ. ಎಷ್ಟು ಎತ್ತಬೇಕು, ಯಾವ ಗದ್ದೆಗೆ ಮೊದಲು, ಬರದ ವರ್ಷ ಯಾರ ಪಾಲು ಎಷ್ಟು ಕಡಿಮೆ, ಈ ಇಡೀ ಲೆಕ್ಕ ನೀರುಗಂಟಿಯ ತಲೆಯಲ್ಲಿ ಇರುತ್ತಿತ್ತು. ನೀರುಗಂಟಿ ಕೆಲಸ ಬಹುಪಾಲು ಊರುಗಳಲ್ಲಿ ದಲಿತ ಮನೆತನಗಳದ್ದು. ತೂಬು ಕಟ್ಟಿಕೊಂಡರೆ ಉಸಿರು ಹಿಡಿದು ಕೆಳಗೆ ಮುಳುಗಿ ಕಸ ತೆಗೆದವರು ಅವರು. ನೀರಿನ ಸೆಳೆತಕ್ಕೆ ಸಿಕ್ಕರೆ ಮೇಲೆ ಬರುವ ಖಾತ್ರಿಯಿಲ್ಲದ ಕೆಲಸ. ಊರಿನ ನೀರಿನ ನ್ಯಾಯವನ್ನೆಲ್ಲ ಕಾಯ್ದ ಮನುಷ್ಯನನ್ನು ಅದೇ ಊರಿನ ಬಾವಿಯ ಹತ್ತಿರ ಸುಳಿಯಗೊಡಲಿಲ್ಲ. ಕೆರೆ ಕಟ್ಟಿಸಿದ ಒಡೆಯರ ಹೆಸರು ಶಾಸನಗಳಲ್ಲಿ ಸಿಗುತ್ತದೆ, ಕೆರೆಯನ್ನು ಬದುಕಿಸಿದ ಈ ಜನರ ಹೆಸರು ಕಲ್ಲಿನ ಮೇಲೆ ಹುಡುಕಿದರೂ ಸಿಗದು. ಈ ಸೀಮೆಯ ದೊಡ್ಡ ವಿದ್ಯೆ ಇದ್ದದ್ದು ಅವರ ಕೈಯಲ್ಲಿ.

ಈಗ ತುಮಕೂರಿನಿಂದ ಕುಣಿಗಲ್ ದಾರಿ ಹಿಡಿದು ಕೆಲವೇ ಮೈಲಿ ಬನ್ನಿ. ಗೂಳೂರು. ಈ ಊರಿನ ಗಣಪತಿಯ ಸಂಗತಿ ಕೇಳಿದರೆ ರೋಮಾಂಚನ! ನಾಡೆಲ್ಲ ಚೌತಿಗೆ ಗಣಪತಿ ಕೂರಿಸಿ ಕೆಲವು ದಿನಗಳಲ್ಲಿ ಬಿಟ್ಟು ಬರುತ್ತದೆ. ಗೂಳೂರಿನಲ್ಲಿ ಚೌತಿಯ ದಿನ ಕೆಲಸ ಆಗಷ್ಟೇ ಶುರು. ಊರ ಕೆರೆಯಿಂದ ಮಣ್ಣು ತರುತ್ತಾರೆ, ಪೂಜೆ ಮಾಡುತ್ತಾರೆ, ಆಮೇಲೆ ವಾರಗಟ್ಟಲೆ ಆ ಕೆರೆಯ ಜೇಡಿಯೇ ಮೆತ್ತಿ ಮೆತ್ತಿ ಹತ್ತಡಿಗೂ ಮೀರಿದ ದೇವರಾಗಿ ಬೆಳೆಯುತ್ತದೆ. ದೀಪಾವಳಿಯ ಬಲಿಪಾಡ್ಯಮಿಗೆ ಪ್ರತಿಷ್ಠೆ. ಕಾರ್ತಿಕ ಮಾಸವಿಡೀ ಪೂಜೆ. ಆಮೇಲೆ ಜಾತ್ರೆ, ಬಾಣಬಿರುಸು, ಉತ್ಸವ, ಕೊನೆಗೆ ಅದೇ ಕೆರೆಗೆ ವಿಸರ್ಜನೆ. ಊರಿನ ಹದಿನೆಂಟು ಕೋಮಿನವರೂ ಸೇರಿ ನಡೆಸುವ ಹಬ್ಬ ಇದು ಅನ್ನುತ್ತಾರೆ. ಕೆರೆಯ ಹೂಳು ದೇವರಾಗಿ, ದೇವರು ಮತ್ತೆ ಕೆರೆಯ ಹೂಳಾಗಿ, ಮುಂದಿನ ವರ್ಷ ಮತ್ತೆ ದೇವರಾಗಿ! ತಲೆಮಾರುಗಳಿಂದ ಆ ಊರು ಒಂದೇ ಮಣ್ಣನ್ನು ತಿರುತಿರುಗಿಸಿ ಪೂಜಿಸುತ್ತಿದೆ. ಕೆರೆ ಕೆಟ್ಟರೆ ಆ ಊರಿನ ದೇವರಿಗೇ ಮೈಯಿಲ್ಲ.

ಗೂಳೂರಿನ ಬೆರಗು ಇಲ್ಲಿಗೆ ಮುಗಿಯುವುದಿಲ್ಲ. ಅಲ್ಲಮ, ಬಸವಣ್ಣ, ಅಕ್ಕಮಹಾದೇವಿಯರನ್ನು ಅನುಭವ ಮಂಟಪದಲ್ಲಿ ಎದುರು ಬದುರು ಕೂರಿಸಿ ಮಾತಾಡಿಸುವ ಶೂನ್ಯಸಂಪಾದನೆ ನಾಲ್ಕು ಬಾರಿ ಸಂಕಲನಗೊಂಡಿತಲ್ಲ, ನಾಲ್ಕನೆಯದನ್ನು ಮಾಡಿದವರು ಗೂಳೂರು ಸಿದ್ಧವೀರಣ್ಣೊಡೆಯರು. ಮಗ್ಗುಲಲ್ಲೇ ಕೈದಾಳ; ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, 1150ರ ಸುಮಾರಿಗೆ, ಸಾಮಂತ ಬಾಚಿ ದೇಗುಲಗಳನ್ನು ಕಟ್ಟಿಸಿದ ಊರು. ಜಕಣಾಚಾರಿಯ ಹುಟ್ಟೂರು ಇದೇ ಎಂದು ಜನ ನಂಬಿಕೊಂಡು ಬಂದಿದ್ದಾರೆ. ಅಪ್ಪನ ವಿಗ್ರಹದಲ್ಲಿ ದೋಷ ಹುಡುಕಿದ ಮಗ ಡಂಕಣನ ಕತೆಯಲ್ಲಿ ಕಲ್ಲಿನ ಹೊಟ್ಟೆಯಿಂದ ಹೊರಬಿದ್ದದ್ದೂ ನೀರು ಮತ್ತು ಕಪ್ಪೆಯೇ ಎಂಬುದನ್ನು ಗಮನಿಸಿ. ಬಂಡೆಯೊಳಗೂ ನೀರು ಹುಡುಕುವ ಕಲ್ಪನೆ!

ಕಡಬದ ಬಗ್ಗೆ ಹೇಳಲು ನಾನು ಎಷ್ಟು ಹೊತ್ತಿನಿಂದ ಕಾಯುತ್ತಿದ್ದೇನೆ.

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಶಿಂಷೆಗೆ ಅಡ್ಡಲಾಗಿ ಏರಿ ಹಾಕಿ ಕೆರೆ ಮಾಡಿದ್ದಾರೆ. ಹಳ್ಳಕ್ಕಲ್ಲ, ಹೊಳೆಗೇ! ಲಂಕೆಯಿಂದ ಮರಳುವಾಗ ಸೀತೆ ಕೇಳಿದಳೆಂದು ರಾಮನೇ ಈ ಏರಿ ಕಟ್ಟಿಸಿದ ಎಂಬುದು ಸ್ಥಳಪುರಾಣ. ಸಮುದ್ರಕ್ಕೆ ಸೇತುವೆ ಕಟ್ಟಿ ಬಂದವನಿಗೆ ನಮ್ಮ ಹೊಳೆಗೊಂದು ಏರಿ ಹಾಕುವುದು ಎಷ್ಟರ ಮಾತು ಎಂದು ಊರಿನವರಿಗೆ ಅನಿಸಿರಬೇಕು. ಇದೇ ಕಡಬದಲ್ಲಿ ರಾಷ್ಟ್ರಕೂಟ ಮೂರನೆಯ ಗೋವಿಂದನ ಹೆಸರಿನ ತಾಮ್ರಪಟ ಸಿಕ್ಕಿತು. ಕಾಲ ಶಕವರ್ಷ 735, ಅಂದರೆ ಕ್ರಿ.ಶ. 812ರ ಹೊತ್ತು. ಬಿ.ಎಲ್. ರೈಸ್ 1904ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟ, ತುಮಕೂರು ಜಿಲ್ಲೆಯ ಸಂಪುಟದಲ್ಲಿ ಇದು ಸೇರಿದೆ.

ಆ ಪಟದಲ್ಲಿ ಏನಿದೆ ಗೊತ್ತೆ? ವಿಮಲಾದಿತ್ಯನೆಂಬ ಚಾಲುಕ್ಯ ಕುಲದ ಅರಸುಮಗನಿಗೆ ಶನಿಕಾಟ. ಅರ್ಕಕೀರ್ತಿ ಎಂಬ ಜೈನ ಮುನಿ ಅದನ್ನು ನಿವಾರಿಸುತ್ತಾನೆ. ವಿಮಲಾದಿತ್ಯನ ಸೋದರಮಾವ ಚಾಕಿರಾಜ ಆಗ ಗಂಗಮಂಡಲದ ಅಧಿಪತಿ. ಅಳಿಯನ ಪೀಡೆ ಕಳೆದ ಸಂತೋಷಕ್ಕೆ ಅವನು ಗೋವಿಂದನಲ್ಲಿ ಬಿನ್ನಹ ಮಾಡಿಕೊಳ್ಳುತ್ತಾನೆ. ದೂರದ ಮಯೂರಖಂಡಿಯ ಬೀಡಿನಲ್ಲಿದ್ದ ಚಕ್ರವರ್ತಿ ಜಾಲಮಂಗಲವೆಂಬ ಹಳ್ಳಿಯನ್ನು ಆ ಮುನಿಗೆ, ಒಂದು ಜಿನಾಲಯಕ್ಕಾಗಿ ದಾನ ಕೊಡುತ್ತಾನೆ. ಇಷ್ಟೇ ಆಗಿದ್ದರೆ ಅದೊಂದು ಸೊಗಸಾದ ಕತೆ. ಆದರೆ ಈ ವಿಮಲಾದಿತ್ಯ ಆಳುತ್ತಿದ್ದದ್ದು ಯಾವ ನಾಡನ್ನು? ಕುನುಂಗಿಲ್ ದೇಶ. ಅದೇ ನಮ್ಮ ಕುಣಿಗಲ್! ಶಿಂಷೆಯ ಮೇಲ್ಗಡೆಯ ಕಡಬದಲ್ಲಿ ಸಿಕ್ಕ ತಾಮ್ರದಲ್ಲಿ ಕಣಿವೆಯ ಕೆಳಗಡೆಯ ಕುಣಿಗಲ್ಲಿನ ಒಡೆಯ ಕೂತಿದ್ದಾನೆ, ಒಬ್ಬ ಸೋದರಮಾವನ ಅಕ್ಕರೆಯ ಜೊತೆಗೆ. ಪಟದ ಅಸಲಿತನದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ, ನಡೆಯಲಿ. ನಂತರದ ಪ್ರತಿ ಎಂದೇ ಇಟ್ಟುಕೊಂಡರೂ ಕುಣಿಗಲ್ಲಿಗೆ ಆ ಕಾಲದಲ್ಲೇ ಒಂದು ‘ದೇಶ’ದ ಗೌರವ ಇತ್ತೆಂದು ನೆನಪಿಟ್ಟುಕೊಂಡವರು ಬರೆದದ್ದು ಅದು.

ಇಂಥ ದಾನಶಾಸನಗಳಲ್ಲಿ ನನಗೆ ಇಷ್ಟವಾಗುವ ಒಂದು ಜಾಗವಿದೆ. ಸಂಸ್ಕೃತದಲ್ಲಿ ಅರಸರ ಹೊಗಳಿಕೆ ಉದ್ದಕ್ಕೂ ಸಾಗಿ, ಕೊಟ್ಟ ಊರಿನ ಎಲ್ಲೆ ಹೇಳುವ ಹೊತ್ತಿಗೆ ಹಲವು ಶಾಸನಗಳು ಕನ್ನಡಕ್ಕೆ ಇಳಿದುಬಿಡುತ್ತವೆ. ಯಾಕೆಂದರೆ ಎಲ್ಲೆ ಗೊತ್ತಿದ್ದದ್ದು ಊರಿನವರಿಗೆ. ಮೂಡಲಿಗೆ ಹುಣಸೆಮರ, ತೆಂಕಲಿಗೆ ಕಟ್ಟೆ, ಪಡುವಲಿಗೆ ಹುತ್ತ, ಬಡಗಲಿಗೆ ಬಂಡೆ ಎನ್ನುವ ಧಾಟಿ. ನೆಲದ ಮಾತು ಬಂದಾಗ ನೆಲದವರ ಮಾತೇ ಬೇಕಾಯಿತು.

ಆ ನೆಲದವರಲ್ಲಿ ಎಲ್ಲರೂ ಕೆರೆಯ ಕೆಳಗೆ ಗದ್ದೆ ಮಾಡಿದವರಲ್ಲ. ಏರಿಯ ಮೇಲ್ಗಡೆ, ನೀರು ಹರಿದು ಬರುವ ಒಣ ಬೋರೆಗಳಲ್ಲಿ, ಕಾವಲುಗಳಲ್ಲಿ ದನಕುರಿ ಕಟ್ಟಿಕೊಂಡು ಬಾಳಿದವರು ಕಾಡುಗೊಲ್ಲರು. ಗುಬ್ಬಿ, ಶಿರಾ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಊರಿನಿಂದ ದೂರ, ಮುಳ್ಳುಬೇಲಿಯ ನಡುವೆ ಅವರ ಹಟ್ಟಿಗಳು. ಅವರ ವೀರ ಜುಂಜಪ್ಪ. ಜುಂಜಪ್ಪನ ಕಾವ್ಯ ಅಚ್ಚಾಗುವ ಎಷ್ಟೋ ಮೊದಲಿಂದ ರಾತ್ರಿಗಳುದ್ದಕ್ಕೂ ಹರಿದದ್ದು ಬಾಯಿಂದ ಬಾಯಿಗೆ, ಅದಕ್ಕೆ ಜೊತೆ ಗಣೆ. ಗಣೆ ಅಂದರೆ ಕೈಯಳತೆಯ ಕೊಳಲಲ್ಲ. ಆಳಿನ ಎದೆಯೆತ್ತರಕ್ಕೆ ಬರುವ ಉದ್ದನೆಯ ಬಿದಿರು. ಗಾಯಕ ಒಂದಷ್ಟು ಹಾಡುತ್ತಾನೆ, ಉಸಿರನ್ನು ಬಿದಿರಿಗೆ ಹೊಗಿಸುತ್ತಾನೆ, ಮತ್ತೆ ಹಾಡುತ್ತಾನೆ. ಸೋದರಮಾವಂದಿರ ಹೊಟ್ಟೆಕಿಚ್ಚು, ಬಡಮೈಲಾರಲಿಂಗ ಎಂಬ ಹೋರಿ, ಮೇವು ನೀರು ಹುಡುಕಿ ಅಲೆಯುವ ದನದ ಹಿಂಡು. ಒಂದು ಹೋರಿಗೆ ಮಹಾಕಾವ್ಯದಲ್ಲಿ ಅಷ್ಟು ದೊಡ್ಡ ಜಾಗ ಕೊಟ್ಟ ಜನ ಇವರು! ಅಳಿಯನಿಗಾಗಿ ಹಳ್ಳಿಯನ್ನೇ ಕೊಡಿಸಿದ ಮಾವ ತಾಮ್ರದಲ್ಲಿ, ಅಳಿಯನ ಜೀವಕ್ಕೆ ಹೊಂಚು ಹಾಕಿದ ಮಾವಂದಿರು ಬಿದಿರಿನಲ್ಲಿ. ಒಂದೇ ಸೀಮೆಯ ಎರಡು ನೆನಪು.

ಹಟ್ಟಿಯ ಬದುಕನ್ನು ಬರೀ ಚೆಂದವಾಗಿ ಬರೆಯಲು ಮನಸ್ಸು ಒಪ್ಪುವುದಿಲ್ಲ. ಸೂತಕವೆಂದು ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯಾಚೆ ಗುಡಿಸಲಲ್ಲಿ ಇರಿಸುವ ಪದ್ಧತಿಯಿಂದ 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹಸುಗೂಸೊಂದು ತೀರಿಕೊಂಡಿತು. ಗಣೆಯ ನಾದವೂ ಆ ಗುಡಿಸಲೂ ಒಂದೇ ಬೇಲಿಯ ಆಚೆ ಈಚೆ ಇವೆ. ಹಟ್ಟಿಯ ಓದಿದ ಹುಡುಗಿಯರು ಈಗ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಿತ್ತೆಸೆಯಬೇಕು ಎನ್ನುತ್ತಿರುವುದು ಸರಿಯಾದ ಮಾತು.

ದನ ಮೇಯುತ್ತಿದ್ದ ಕಾವಲುಗಳೂ ಮೊದಲಿನಂತಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಗುಬ್ಬಿಯ ಮಗ್ಗುಲಿನ ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧಗಳು ಸಿಕ್ಕಿವೆ, ಎಂ. ಶೇಷಾದ್ರಿ 1955ರಲ್ಲೇ ಅವುಗಳ ಬಗ್ಗೆ ಬರೆದರು. ಕೈಗೊಡಲಿಯಿಂದ ಹೆಲಿಕಾಪ್ಟರ್‌ವರೆಗೆ, ಅಕ್ಕಪಕ್ಕದ ತಾಲ್ಲೂಕುಗಳಲ್ಲಿ!

ಕೆರೆ ತುಂಬಿದ ವರ್ಷ ಸುಗ್ಗಿ, ಸುಗ್ಗಿ ಆದ ವರ್ಷ ಆಟ. ತುಮಕೂರು ಸೀಮೆಯ ಹಳ್ಳಿಗಳಲ್ಲಿ ಮೂಡಲಪಾಯ ಕುಣಿದದ್ದು ಹೀಗೆಯೇ, ಕಣದ ಕೆಲಸ ಮುಗಿದ ಮೇಲೆ, ಬೆಳಗಿನ ತನಕ. ಆ ರುಚಿ ಹತ್ತಿದ ನೆಲದಲ್ಲೇ 1884ರಲ್ಲಿ ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಹುಟ್ಟಿತು. 1891ರಲ್ಲಿ ಹುಟ್ಟಿದ ವೀರಣ್ಣ ಬಾಲನಟನಾಗಿ ಸೇರಿ ಮುಂದೆ ಕಂಪನಿಯ ಒಡೆಯರಾದರು. ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಗುಬ್ಬಿಯ ನಾಟಕದ ಕತೆ ಎಲ್ಲರಿಗೂ ಗೊತ್ತಿರುವುದೇ. ಕಡಿಮೆ ಗೊತ್ತಿರುವುದು ಅದಕ್ಕೂ ಮುನ್ನಿನ ಗುಬ್ಬಿ: 1513ರಲ್ಲೇ ಗುಬ್ಬಿಯ ಮಲ್ಲಣಾರ್ಯ ‘ಭಾವಚಿಂತಾರತ್ನ’ ಬರೆದಿದ್ದ. ಅದೇ ಕಾಲದ ಆಸುಪಾಸಿನಲ್ಲಿ ಕುಣಿಗಲ್ ಕಡೆಯ ಕಗ್ಗೆರೆಯಲ್ಲಿ, ನಾಗಿನಿ ಹೊಳೆಯ ದಡದ ತೋಟದಲ್ಲಿ, ತೋಂಟದ ಸಿದ್ಧಲಿಂಗರು ಮೈಮೇಲೆ ಹುತ್ತ ಬೆಳೆಯುವಷ್ಟು ಕಾಲ ಕೂತರೆಂದು ಪ್ರತೀತಿ; ಅವರು ಐಕ್ಯವಾದ ಎಡೆಯೂರಿನಲ್ಲಿ ಇಂದಿಗೂ ಜನಸಾಗರ. ಎಂಥ ಕಾಲ ಅದು! ಒಂದು ಸಣ್ಣ ಹೊಳೆಯ ಕಣಿವೆಯಲ್ಲಿ ಅಷ್ಟೊಂದು ವಚನ, ಅಷ್ಟೊಂದು ಪುರಾಣ.

ಆ ನಾಗಿನಿಯ ಬೆನ್ನು ಹತ್ತಿದರೆ ಸಿಗುವುದೇ ಕುಣಿಗಲ್ ದೊಡ್ಡಕೆರೆ. ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಕೆರೆಗಳಿವೆ, ಇದಕ್ಕಿಂತ ಹಳೆಯವೂ ಇವೆ. ಆದರೆ ಕೆರೆಯನ್ನು ಕಣ್ಣಿನಿಂದ ಕಾಣದವರೂ ಹಾಡಿನಲ್ಲಿ ಕಂಡಿರುವುದು ಇದೊಂದನ್ನೇ. ಬೀದರಿನಿಂದ ಚಾಮರಾಜನಗರದವರೆಗೆ ಯಾವ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದರೂ ಮಕ್ಕಳು ಇದರ ಹಾಡಿಗೆ ಹೆಜ್ಜೆ ಹಾಕುತ್ತಾರೆ. ಬರೆದ ಕವಿಯಿಲ್ಲ, ಆಶ್ರಯ ಕೊಟ್ಟ ಅರಸನಿಲ್ಲ. ತುಂಬಿದ ಕೆರೆ, ಮೇಲೆ ಚಂದ್ರ, ಅಷ್ಟನ್ನು ನೋಡಿ ತಡೆಯಲಾರದೆ ಯಾರೋ ಹಾಡಿದರು. ಏಳು ಕೋಟಿ ಜನರ ನಾಡಿಗೆ ಅದು ಬಾಯಿಪಾಠವಾಯಿತು! ಕಟ್ಟಿಸಿದವರ ಹೊಗಳಿಕೆ ಹಾಡಿನ ಕೇಂದ್ರದಲ್ಲಿಲ್ಲ. ತುಂಬಿದ ನೀರನ್ನು ನೋಡುವುದೇ ಒಂದು ಭಾಗ್ಯ ಎಂಬ ಭಾವ ಅಲ್ಲಿರುವುದು. ಮಳೆ ಕೈಕೊಡುವ ಸೀಮೆಯವರಿಗೆ ಮಾತ್ರ ಹೊಳೆಯುವ ಭಾವ. 2022ರಲ್ಲಿ ಭಾರಿ ಮಳೆ ಹೊಡೆದು ದೊಡ್ಡಕೆರೆ ಕೋಡಿ ಬಿದ್ದಾಗ ಜನ ಸಂಸಾರ ಸಮೇತ ನೋಡಲು ಬಂದದ್ದು ಆ ಹಾಡಿನ ಮಾತು ಇನ್ನೂ ಚಾಲ್ತಿಯಲ್ಲಿದೆ ಎಂಬುದಕ್ಕೆ ಸಾಕ್ಷಿ.

ನಾಗಿನಿ ಶಿಂಷೆಯನ್ನು ಕೂಡುವ ಸೀಮೆಯಲ್ಲೇ ಮಾರ್ಕೋನಹಳ್ಳಿ ಅಣೆಕಟ್ಟೆ, ಮೈಸೂರು ಅರಸರ ಕಾಲದ್ದು. ಇಲ್ಲಿರುವ ಸ್ವಯಂಚಾಲಿತ ಸೈಫನ್ ನಮ್ಮವರೇ ಆದ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಬಗೆಯದು. ಗೇಟು ಎತ್ತುವ ಆಳು ಬೇಡ, ಕರೆಂಟು ಬೇಡ. ಜಲಾಶಯದೊಳಗೆ ನೆಟ್ಟಗೆ ನಿಂತ ದೊಡ್ಡ ಕೊಳವೆ, ಅದರ ಬಾಯಿ ಆಲಿಕೆಯ ಆಕಾರ, ಮೇಲೊಂದು ಗುಮ್ಮಟದ ಮುಚ್ಚಳ. ಆಲಿಕೆಯ ಒಳಮೈಯಲ್ಲಿ ಬಾಗಿದ ರೆಕ್ಕೆಗಳು. ನೀರು ಪೂರ್ಣ ಮಟ್ಟ ಮೀರಿ ಅಂಚು ದಾಟಿದ್ದೇ ತಡ, ಆ ರೆಕ್ಕೆಗಳು ಅದನ್ನು ಗಿರಗಿರನೆ ತಿರುಗಿಸುತ್ತವೆ. ಸುಳಿ ಹುಟ್ಟುತ್ತದೆ, ಸುಳಿ ತನ್ನ ಜೊತೆ ಗುಮ್ಮಟದೊಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ, ಒಳಗೆ ಗಾಳಿ ತೆಳುವಾಗುತ್ತಿದ್ದಂತೆ ಹೊರಗಿನ ನೀರು ನುಗ್ಗಿ ಕೊಳವೆ ಪೂರ್ತಿ ತುಂಬಿ ಹರಿಯತೊಡಗುತ್ತದೆ! ಮಟ್ಟ ಇಳಿದಾಗ ಒಂದು ಗಾಳಿಕಿಂಡಿ ತೆರೆದುಕೊಂಡು ಉಸಿರು ಒಳಸೇರಿ ಹರಿವು ತಾನೇ ನಿಲ್ಲುತ್ತದೆ. ತನಗೆಷ್ಟು ಬೇಕೋ ಅಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಕೆಳಗಿನವರಿಗೆ ಬಿಡುವ ಕೋಡಿಯ ಹಳೆಯ ಕಟ್ಟಳೆಯೇ ಇಲ್ಲಿ ಯಂತ್ರವಾಗಿದೆ. ಆದರೆ ಅದರ ಮುಂದೆ ಹೊಳೆಗೆ ಇಳಿಯುವ ಕೆಲಸ ಬೇಡವೇ ಬೇಡ. ಮನುಷ್ಯರು ತೆರೆಯುವ ಗೇಟಲ್ಲವಾದ್ದರಿಂದ ನೀರು ಹೇಳದೆ ಕೇಳದೆ ಬರುತ್ತದೆ. 2025ರಲ್ಲಿ ಹಾಗೆ ನುಗ್ಗಿದ ನೀರಿನಲ್ಲಿ ಜನ ಕೊಚ್ಚಿಹೋಗಿ ಜೀವ ಕಳೆದುಕೊಂಡರು.

ಈಗ ಈ ಕೆರೆಗಳ ಪಾಲಿನ ದೊಡ್ಡ ಆಸರೆ ಗೊರೂರಿನಿಂದ ನಾಲೆಯಲ್ಲಿ ಬರುವ ಹೇಮಾವತಿ. ಆ ನೀರನ್ನು ಕುಣಿಗಲ್ ಕಡೆಗೆ ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಕೆನಾಲ್ ವಿಚಾರದಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಜಟಾಪಟಿ. ಗುಬ್ಬಿ ಕಡೆಯ ರೈತರು ಬೀದಿಗಿಳಿದಿದ್ದಾರೆ, ಕುಣಿಗಲ್ಲಿನವರು ನಮ್ಮ ಪಾಲು ಎಲ್ಲಿ ಎಂದು ಕೇಳುತ್ತಿದ್ದಾರೆ. ಇಬ್ಬರ ಸಂಕಟವೂ ನಿಜ. ನೀರುಗಂಟಿಯ ಗೇಣಿನ ಲೆಕ್ಕ ಬಲ್ಲ ಹಿರಿಯರು ಎರಡೂ ಕಡೆ ಇನ್ನೂ ಇದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಯಾವ ವಿಶ್ವವಿದ್ಯಾಲಯವಾದರೂ ನಾಳೆಯೇ ಶುರುಮಾಡಲಿ ಎಂದು ನನ್ನ ಆಸೆ.

ಹೊರಡುವವರಿಗೆ ಕಾರ್ತಿಕ ಮಾಸ ಒಳ್ಳೆಯ ಕಾಲ. ಗೂಳೂರಿನಲ್ಲಿ ಗಣಪತಿ ಕೂತಿರುತ್ತಾನೆ, ಮಳೆ ನಡೆಸಿಕೊಟ್ಟ ವರ್ಷವಾದರೆ ಕಡಬ, ಕುಣಿಗಲ್ ಎರಡೂ ತುಂಬಿರುತ್ತವೆ. ಮಾರ್ಕೋನಹಳ್ಳಿಯನ್ನು ದಂಡೆಯ ಮೇಲಿಂದಲೇ ನೋಡಿ. ಇನ್ನೂ ಮುಂದೆ ಹೋಗುವ ಹುರುಪಿದ್ದರೆ ಚಳಿಗಾಲ ಕಳೆಯುವ ಹೊತ್ತಿಗೆ ಶಿಂಷೆಯ ಜೊತೆಗೇ ಮದ್ದೂರಿನ ಕಡೆ ಇಳಿಯಿರಿ. ಹೊಳೆಯ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಹುಣಸೆಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿ ಗಲಾಟೆ ಎಬ್ಬಿಸಿರುತ್ತವೆ. ಹೊಳೆಯ ಮಡುಗಳಲ್ಲಿ, ಸುತ್ತಲಿನ ಕೆರೆಗಳಲ್ಲಿ ಮೀನು ಹಿಡಿದು ತಂದು ಮರಿಗಳ ಬಾಯಿಗೆ ಇಡುತ್ತವೆ. ಹುಣಸೆ ಫಸಲು ಹಾಳಾದರೂ ಊರಿನವರು ಅವುಗಳನ್ನು ಓಡಿಸುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ ತಲುಪಿ, ಬಿಸಿಲೇರಿದ ಮೇಲೆ ದೊಡ್ಡ ಹಕ್ಕಿಗಳು ಮೇವಿಗೆ ಹೋಗಿಬಿಡುತ್ತವೆ.